ಬಗ್ಗಿದ ಬಂಪರು

ಮೊನ್ನೆ ಸಂಘದ ಸಭಾಕ್ಕ ಹೋದಾಗ ನಮ್ಮ ಓಣಿಯವರೆಲ್ಲಾ ನನ್ನ ನೋಡಿ ಮುಸಿಮುಸಿ ನಗಾಕತ್ತಿದ್ರು. "ಏನಕ್ಕಾ, ಹುಬ್ಬಳ್ಳಿಗೆ ಹೋಗಿ ಗಾಡಿ ಬಂಪರ್ ತಂದ್ಯಂತ? ಅವತ್ತ ಸೀರಿ ಅಂಗಡಿ ಬಂದ್ ಇದ್ವೇನು?" ಅಂತ ಒಬ್ಬಾಕಿ ಕೇಳೇಬಿಟ್ಲು. ಎಲ್ಲಾರ ಜೋಡಿ ನಾನೂ ನಕ್ಕೆ. ಆದ್ರ ಯಾಕ ತಂದೆ ಅಂತ ಅಲ್ಲಿ ಹೇಳಾಕ ಆಗಲಿಲ್ಲ. ಸಾಲದ ಕಂತು ತುಂಬೂದು, ಸಹಿ ಮಾಡೂದು, ಅದರಾಗಽ ಹೊತ್ತು ಹೋತು. ಮನಿಗೆ ಬಂದು ರೊಟ್ಟಿ ಬಡದಾದ ಮ್ಯಾಲೆ ಇದನ್ನ ಬರಿಯಾಕ ಕುಂತೇನಿ. ನಿಮ್ಮ ಮನಿ ಮುಂದೂ ಒಂದು ಪಿಕಪ್ ನಿಂತಿರ್ತೇತಿ, ಇಲ್ಲಾ ನಾಳೆ ಬಂದು ನಿಂದರ್ತೇತಿ. ಓದ್ರಿ.

ನಮ್ಮ ಬೊಲೆರೊ ಪಿಕಪ್ ನಿಮಗೆಲ್ಲಾ ಗೊತ್ತಿದ್ದದ್ದಽ. ಮದ್ಲ ಹತ್ತಿ, ಸಂಕ್ರಾಂತಿ ಆದ ಮ್ಯಾಲೆ ಒಣಮೆಣಸಿನಕಾಯಿ, ಉಳದ ದಿನಾ ಊರವರ ಸಿಮೆಂಟು, ಮೇವು, ಮದವಿ ಪಾತ್ರಿ-ಪಡಗ. ಸುಗ್ಗ್ಯಾಗ ಸೋಮವಾರ, ಗುರುವಾರ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗೂದು ತಪ್ಪಂಗಿಲ್ಲ. ಶಿಗ್ಗಾವಿಗೆ ಹೋಗಿ, ದೊಡ್ಡ ಹೈವೇ ಹಿಡದು, ಮೋಟೆಬೆನ್ನೂರಿನ್ಯಾಗ ಒಳಗ ಹೊಳ್ಳಬೇಕು. ಹೋಗೂಮುಂದ ಚೀಲದ ಮ್ಯಾಲೆ ಚೀಲ, ಬರೂಮುಂದ ಖಾಲಿ ಗಾಡಿ, ಕಣ್ಣಾಗ ನಿದ್ದಿ.

ಹಂಗ ಬರೂಮುಂದಽ ಒಂದು ಗುರುವಾರ ರಾತ್ರಿ, ಹೈವೇ ಬಿಟ್ಟು ನಮ್ಮ ಕುಂದಗೋಳದ ಕಡೆ ಹೊಳ್ಳಿದ ಮ್ಯಾಲೆ, ರಸ್ತೆದಾಗ ಎಮ್ಮಿ ಬಂತು. ಗಾಡಿ ಹೊಡ್ಯಾಕತ್ತಿದ್ದಾವ ನಮ್ಮ ಮಗ, ಬಾಜೂಕ ನಮ್ಮ ಮನಿಯವ್ರು. ಕರೀ ರಸ್ತೆ, ಕರೀ ಎಮ್ಮಿ, ಅಮಾಸಿ ಹತ್ರದ ಕತ್ತಲಿ. ಬ್ರೇಕ್ ಒತ್ತೇ ಒತ್ಯಾನ, ಆದ್ರೂ ಹೋಗಿ ತಾಗೇತಿ. ಎಮ್ಮಿ ಬಿದ್ದು, ತಾನಽ ಎದ್ದು, ಕುಂಟಕೋತ ಹೊಲದಾಗ ಹೋಗಿ ನಿಂತತಂತ. ಅದರ ಒಡತಿ ಒಬ್ಬ ಮುದುಕಿ. ಅಕಿ ಹೊಯ್ಕೊಂಡದ್ದು ಕೇಳಿ ಹತ್ತು ಮಂದಿ ಕೂಡ್ಯಾರ. ದನದ ಡಾಕ್ಟರ ಖರ್ಚಿಗೆ ಅಂತ ನಮ್ಮ ಮನಿಯವ್ರು ನಾಕು ಸಾವಿರ ಕೊಟ್ಟು ಕೈ ಮುಗದು ಬಂದ್ರು. ರಾತ್ರಿ ಹನ್ನೊಂದೂವರಿಗೆ ನಮ್ಮ ಗಾಡಿ ಒಂದಽ ಕಣ್ಣು ತಕ್ಕೊಂಡು ಓಣ್ಯಾಗ ಬಂತು. ಎಡಗಡೆ ಬಂಪರ್ ಹಪ್ಪಳ ಮಡಚಿದಂಗ ಮಡಚಿತ್ತು. ಆ ಕಡೆ ಲೈಟು ಚೂರಾಗಿತ್ತು, ಮುಂದಿನ ಜಾಳಿಗಿ ಒಡದಿತ್ತು. ರೇಡಿಯೇಟರ್ ಮಾತ್ರ ಉಳದಿತ್ತು. ಇಬ್ಬರ ಮೈಮ್ಯಾಲೂ ಒಂದು ಗೀರು ಇರಲಿಲ್ಲ. ನಾ ಆ ಹೊತ್ತಿನ್ಯಾಗಽ ಜಗಲಿ ಮುಂದ ದೀಪಾ ಹಚ್ಚಿದೆ.

ಮರುದಿನ ಮುಂಜಾನೆ ಚಾ ಕುಡಿಯೂಮುಂದ ಮಗ ಮೊಬೈಲ್ ತಗದು ನನ್ನ ಮುಂದ ಹಿಡದ. "ಯವ್ವಾ, ಇಲ್ಲಿ ನೋಡು, ಇಂಥಾದ್ದು ಹಾಕ್ಸೂಣು." ನೋಡಿದ್ರ ಗಾಡಿ ಮಾರಿಗೆ ಪೈಪಿನ ಪಂಜರಾ ಕಟ್ಟಿದಂಗ ಇತ್ತು. ಅಡ್ಡ ಮೂರು ಪೈಪು, ಉದ್ದ ಎರಡು, ಲೈಟಿನ ಮ್ಯಾಲೆ ಜಾಳಿಗಿ. ಕುಂದಗೋಳದಾಗ ವೆಲ್ಡಿಂಗ್ ಅಂಗಡಿಯಾವ ಎರಡಿಂಚಿನ ಪೈಪಿನ್ಯಾಗ ಮಾಡಿ, ಬಣ್ಣಾ ಹೊಡದು, ಕುಂದರಿಸಿ ಒಂಬತ್ತೂವರಿ ಸಾವಿರಕ್ಕ ಕೊಡ್ತೇನಿ ಅಂದಿದ್ದಂತ. "ಗಾರ್ಡ್ ಇದ್ದಿದ್ರ ಗಾಡಿಗೆ ಏನೂ ಆಗ್ತಿರ್ಲಿಲ್ಲ ಯವ್ವಾ" ಅಂದ. ನಮ್ಮ ಮನಿಯವ್ರೂ ಹೂಂ ಅಂದ್ರು. ನನ್ನ ಕೇಳಿದ್ದು ಯಾಕಂದ್ರ ರೊಕ್ಕ ನನ್ನ ಸಂಘದ ಪಾಸ್‌ಬುಕ್ಕಿನ್ಯಾಗ ಇತ್ತು. ಇಲ್ಲಂದ್ರ ಗಾಡಿ ಮಾತಿಗೆ ನನ್ನ ಯಾರ ಕೇಳ್ತಾರ್ರಿ?

ಆದ್ರ "ಗಾಡಿಗೆ ಏನೂ ಆಗ್ತಿರ್ಲಿಲ್ಲ" ಅನ್ನೂ ಮಾತು ನನ್ನ ಎದ್ಯಾಗ ಮುಳ್ಳು ಮುರದಂಗ ಆತು. ಆ ಮಾತು ನಾ ಹಿಂದ ಒಮ್ಮೆ ಕೇಳಿದ್ದೆ.

ಹನ್ನೊಂದು ವರ್ಷದ ಹಿಂದ ನನ್ನ ತವರೂರಿನ ಬಸ್ ಸ್ಟ್ಯಾಂಡಿನ್ಯಾಗ ನಮ್ಮಪ್ಪ ಚಾ ಕುಡದು ರಸ್ತೆ ದಾಟಾಕತ್ತಿದ್ದ. ಒಂದು ಜೀಪು ಹೊಳ್ಳಿಸಿಕೊಳ್ಳಾಕತ್ತಿತ್ತು. ಜೋರಿರಲಿಲ್ಲ, ಮನಶ್ಯಾ ಬಿರಬಿರನ ನಡದಷ್ಟು, ಅಷ್ಟಽ. ಅದರ ಮುಂದಿನ ಗಾರ್ಡಿನ ಪೈಪು ಸೀದಾ ಅಪ್ಪನ ಟೊಂಕಕ್ಕ ಬಡೀತು. ಕೆಳಗ ಬೀಳೂದಕ್ಕಿಂತ ಮದ್ಲ ಎಲುವು ಮುರದಿತ್ತು. ಆ ಜೀಪಿನಾವ ಕೆಟ್ಟಾವ ಅಲ್ಲ. ತಾನಽ ಅಪ್ಪನ್ನ ಎತ್ತಿ ಮಲಗಿಸಿಕೊಂಡು ಹುಬ್ಬಳ್ಳಿ ದವಾಖಾನಿಗೆ ತಂದ, ರಾಡ್ ಹಾಕಿದ ಖರ್ಚಿನ್ಯಾಗ ಅರ್ಧಾ ಕೊಟ್ಟ. ಆದ್ರ ದವಾಖಾನಿ ಬಾಗಲದಾಗ ನಿಂತು ಫೋನಿನ್ಯಾಗ ಯಾರಿಗೋ ಹೇಳಾಕತ್ತಿದ್ದು ನನ್ನ ಕಿವಿಗೆ ಬಿತ್ತು. "ಗಾಡಿಗೆ ಏನೂ ಆಗಿಲ್ಲ ಬಿಡು, ಗಾರ್ಡ್ ಐತೆಲ್ಲ."

ಖರೇನಽ ಏನೂ ಆಗಿರಲಿಲ್ಲ. ನಾ ಹೋಗಿ ನೋಡಿದ್ದೆ. ಪೈಪಿನ ಮ್ಯಾಲಿನ ಬಣ್ಣಾನೂ ಹೋಗಿರಲಿಲ್ಲ. ನಮ್ಮಪ್ಪ ಮಾತ್ರ ಅವತ್ತಿನಿಂದ ಹೊಲಾ ನೋಡಿಲ್ಲ. ಕಟ್ಟಿ ಮ್ಯಾಲೆ ಕುಂತು, ಬಂದವರ ಕಡಿಂದ ಮಳಿ-ಬೆಳಿ ಕೇಳ್ಕೋತಾನ. ನನ್ನ ಮಗ ಆಗ ಸಣ್ಣಾವ. "ಅಜ್ಜ ಬಸ್ ಸ್ಟ್ಯಾಂಡಿನ್ಯಾಗ ಬಿದ್ದ" ಅಂತಷ್ಟಽ ಅವಗ ಗೊತ್ತಿತ್ತು.

ಆದ್ರೂ ನಾ ಅವತ್ತ ಇದನ್ನೇನೂ ಹೇಳಲಿಲ್ಲ. ಅತ್ತು-ಕರದು ಹೇಳಿದ್ರ "ಯವ್ವಾ ಅಂಜ್ಯಾಳ" ಅಂತಾರ, ಮಾತು ಅಲ್ಲೇ ಮುಗೀತೇತಿ. "ರೊಕ್ಕ ಕೊಡ್ತೇನಿ, ಆದ್ರ ನಾನೂ ಬಂದು ನೋಡಿ ಕೊಡ್ತೇನಿ" ಅಂದೆ. ಅದಕ್ಕಽ ನಾ ಹುಬ್ಬಳ್ಳಿಗೆ ಹೋಗಿದ್ದು.

ಅಲ್ಲಿ ನಮ್ಮ ಗಾಡಿ ನೋಡೂ ಮಿಸ್ತ್ರಿ ವಯಸ್ಸಾದಾವ್ರು. "ಅಕ್ಕಾರ, ಖರೇ ಹೇಳಲ್ರಿ, ಇಲ್ಲಾ ಹುಡುಗಗ ಖುಷಿ ಆಗೂಹಂಗ ಹೇಳಲ್ರಿ?" ಅಂದ್ರು. ಖರೇ ಹೇಳ್ರಿ ಅಂದೆ.

ಅವ್ರು ಹೇಳಿದ್ದು ಇಷ್ಟು. ಸಣ್ಣ ಪೆಟ್ಟಿಗೆ ಗಾರ್ಡು ಲೈಟು, ಜಾಳಿಗಿ ಉಳಸ್ತೇತಿ, ಅದು ಸುಳ್ಳಲ್ಲ. ಆದ್ರ ಬಂಪರ್ ಇರೂದು ಬಗ್ಗಾಕ. ತಾ ಬಗ್ಗಿ, ತಾ ನುಗ್ಗಾಗಿ, ಪೆಟ್ಟಿನ ಜೋರು ಕಡಿಮಿ ಮಾಡ್ತೇತಿ. ಗಾರ್ಡನ್ನ ದಪ್ಪ ಪಟ್ಟಿ ಹಚ್ಚಿ ಚಾಸಿಗೇ ಬೋಲ್ಟ್ ಹಾಕಿ ಬಿಗೀತಾರ. ಅದು ಬಗ್ಗಂಗಿಲ್ಲ. ದೊಡ್ಡ ಪೆಟ್ಟು ಬಿದ್ರ ಅದೆಲ್ಲಾ ಸೀದಾ ಚಾಸಿಗೆ, ಚಾಸಿಯಿಂದ ಒಳಗ ಕುಂತವರ ಎದಿಗೆ, ಕುತ್ತಗಿಗೆ. ಬಂಪರ್ ಹ್ವಾದ್ರ ಬಿಚ್ಚಿ ಮತ್ತೊಂದು ಹಾಕಬಹುದು. ಚಾಸಿ ಡೊಂಕಾದ್ರ ಗಾಡೀನಽ ಹೋದಂಗ. ಏರ್‌ಬ್ಯಾಗ್ ಇದ್ದ ಹೊಸಾ ಗಾಡಿ ಆದ್ರ ಇನ್ನೂ ತ್ರಾಸು. ಪೆಟ್ಟು ಬಿದ್ದದ್ದನ್ನ ತಿಳಕೊಳ್ಳೂ ಸೆನ್ಸರ್ ಇರ್ತಾವ, ಮುಂದ ಕಬ್ಬಿಣದ ಪಂಜರಾ ಇದ್ರ ಏರ್‌ಬ್ಯಾಗ್ ಬಿಚ್ಚೂ ಹೊತ್ತಿಗೆ ಬಿಚ್ಚದಽ ಇರಬಹುದು, ಬ್ಯಾಡಾದಾಗ ಬಿಚ್ಚಬಹುದು. ನಮ್ಮ ಹಳೇ ಗಾಡ್ಯಾಗ ಏರ್‌ಬ್ಯಾಗೂ ಇಲ್ಲ, ಬೆಲ್ಟ್ ಒಂದಽ ದೇವ್ರು. ಮ್ಯಾಲೆ ಆ ಪೈಪು-ಪಟ್ಟಿ ಕೂಡಿ ಒಂದು ಮೆಣಸಿನಕಾಯಿ ಚೀಲದಷ್ಟು ಭಾರ, ದಿನಾ ಮುಂದ ಹೊತ್ಕೊಂಡು ತಿರಗಬೇಕು.

ನನಗ ಥಟ್ಟನ ನಮ್ಮ ಕುಕ್ಕರ್ ನೆಪ್ಪಾತು ನೋಡ್ರಿ. ಸೀಟಿ ಕಟ್ಟಿದ್ರ ಅದರ ಸೇಫ್ಟಿ ವಾಲ್ವ್ ಹಾರಿ ಬ್ಯಾಳಿ ಎಲ್ಲಾ ಮಾಳಗಿಗೆ ಸಿಡೀತೇತಿ. ನಾವು ಬೈಕೋತ ಬೈಕೋತ ಹೊಸಾ ವಾಲ್ವ್ ತಂದು ಹಾಕ್ತೇವಿ. ವಾಲ್ವ್ ಹಾರಿದ್ದಕ್ಕಽ ಕುಕ್ಕರ್ ಒಡೀಲಿಲ್ಲ, ನಮ್ಮ ಮಾರಿ ಉಳೀತು ಅಂತ ಗೊತ್ತೈತಿ. ಇನ್ನೊಮ್ಮೆ ಹಾರಬಾರದು ಅಂತ ಅಲ್ಲಿ ಯಾರರೆ ಕಬ್ಬಿಣದ ಬೋಲ್ಟ್ ಬಡೀತಾರೇನು? ಮಗಗ ಇದನ್ನಽ ಹೇಳಿದೆ. ಮಿಸ್ತ್ರಿ ನಕ್ಕು "ನಾ ಇಷ್ಟು ವರ್ಷಾ ಹೇಳಿದ್ರೂ ಇಷ್ಟು ಸರಳ ಹೇಳಾಕ ಬಂದಿರಲಿಲ್ಲ ನೋಡ್ರಿ" ಅಂದ್ರು. ಮಗ ಮಾತ್ರ ಮಾರಿ ಸಣ್ಣದು ಮಾಡಿ "ದಾರ್ಯಾಗ ಅರ್ಧಾ ಗಾಡಿಗೆ ಗಾರ್ಡ್ ಐತಿ, ಅವ್ರೆಲ್ಲಾ ಹುಚ್ಚರೇನು?" ಅಂದ.

ಧಾರವಾಡದಾಗ ಕಲಿಯಾಕತ್ತಿರೂ ಮಗಳಿಗೆ ಅಲ್ಲಿಂದಽ ಫೋನ್ ಹಚ್ಚಿದೆ. ಅಕಿ ಹುಡುಕಿ ಓದಿ ಹೇಳಿದ್ಲು. 1988ರ ಮೋಟಾರು ವಾಹನ ಕಾಯ್ದೆದಾಗ 52ನೇ ಕಲಮು ಅಂತ ಐತಿ. ಕಂಪನಿಯವ್ರು ಹೆಂಗ ಮಾಡಿ ಕೊಟ್ಟಾರೋ, ಆರ್‌ಸಿ ಒಳಗ ಹೆಂಗೈತೋ, ಅದನ್ನ ಮಾಲಕ ತನ್ನ ಮನಸಿಗೆ ಬಂದಂಗ ಬದಲಿ ಮಾಡಬಾರದು. 2017ರ ಡಿಸೆಂಬರ್‌ದಾಗ ಕೇಂದ್ರದ ಸಾರಿಗಿ ಸಚಿವಾಲಯದವ್ರು ಎಲ್ಲಾ ರಾಜ್ಯಕ್ಕ ಪತ್ರಾ ಬರದು, ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕಿದವರ ಮ್ಯಾಲೆ ಕ್ರಮಾ ತಗೋರಿ ಅಂದಾರ. ನಡಕೊಂಡು ಹೋಗೂ ಮಂದಿಗೂ ಒಳಗ ಕುಂತವರಿಗೂ ಧೋಕಾ ಅಂತ ಅದರಾಗಽ ಐತಂತ. 2019ರ ತಿದ್ದುಪಡಿ ಆದ ಮ್ಯಾಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಏನರೆ ಆದಾಗ ಇನ್ಸುರೆನ್ಸಿನವ್ರು ತಕರಾರು ತಗದ್ರ ಅದು ಬ್ಯಾರೆ.

"ಹಿಡಿಯಾವ್ರು ಯಾರು?" ಅಂದ ಮಗ. ಅವನ ಮಾತೂ ಖರೇನಽ. ದಿನಾ ನೋಡ್ತೇವಿ, ಯಾರೂ ಹಿಡ್ಯಂಗಿಲ್ಲ.

ಆವಾಗ ನಾ ಅಜ್ಜನ ಮಾತು ಹೇಳಿದೆ. ಗ್ಯಾರೇಜಿನ್ಯಾಗ ಹಳೇ ಟೈರಿನ ಮ್ಯಾಲೆ ಕುಂತು, ಅಳದಽ, ಇದ್ದದ್ದು ಇದ್ದಂಗ ಹೇಳಿದೆ. ಆ ಫೋನಿನ ಮಾತೂ ಹೇಳಿದೆ. "ಆ ಎಮ್ಮಿ ಎದ್ದು ಹೋತಲ್ಲ, ಯಾಕ ಹೋತು? ನೀ ಬ್ರೇಕ್ ಒತ್ತಿದ್ದಿ, ಮ್ಯಾಲೆ ನಮ್ಮ ಬಂಪರ್ ಬಗ್ಗಿತು. ಪೆಟ್ಟು ಅಂದ ಮ್ಯಾಲೆ ಯಾರರೆ ಒಬ್ಬರು ತಗೋಬೇಕಪ್ಪ. ಗಾಡಿಗೆ ಏನೂ ಆಗಬಾರದು ಅಂದ್ರ ಅದು ಎದುರಿಗಿದ್ದವರಿಗೆ ಆಗ್ತೇತಿ. ಮುಂದಿನ ಸಲ ಎದುರಿಗೆ ಎಮ್ಮಿನಽ ಬರ್ತೇತಿ ಅಂತ ಬರದು ಕೊಡ್ತೀ ಏನು?"

ಅಂವ ಏನೂ ಅನಲಿಲ್ಲ. ಬಹಳ ಹೊತ್ತು ಮೊಬೈಲ್ ತಿರವಿಕೋತ ಕುಂತ. ಆಮ್ಯಾಲೆ ಎದ್ದು ಮಿಸ್ತ್ರಿಗೆ "ಸಾದಾ ಬಂಪರ್ ಎಷ್ಟಕ್ಕ ಬರ್ತೇತ್ರಿ?" ಅಂತ ಕೇಳಿದ.

ಈಗ ನಿಮಗ ಉಪಯೋಗಕ್ಕ ಬರೂ ಮಾತು ಹೇಳ್ತೇನಿ. ನಮ್ಮ ಮುಂದ ಮೂರು ದಾರಿ ಇದ್ದವು. ಗುಜರಿದಾಗ ಹಳೇದು ಸಾವಿರದ ಎಂಟನೂರಕ್ಕ ಸಿಗ್ತಿತ್ತು, ಆದ್ರ ಬಣ್ಣದ ಕೆಳಗ ತುಕ್ಕು ಹಿಡದಿತ್ತು. ಕೈ ಉಗರಿಲೆ ಕೆರದ್ರ ಪುಡಿ ಉದರತು. ಡೂಪ್ಲಿಕೇಟ್ ಎರಡೂವರಿ ಸಾವಿರ. ನೋಡಾಕ ಛಲೋ ಇತ್ತು, ಆದ್ರ ಗಾಡಿಗೆ ಹಿಡದು ನೋಡಿದ್ರ ಬೋಲ್ಟಿನ ತೂತು ಅರ್ಧಾ ಇಂಚು ಅತ್ತಿತ್ತ. ಮಿಸ್ತ್ರಿ "ತೂತು ದೊಡ್ಡದು ಮಾಡಿ ಕುಂದರಸ್ತೇನ್ರಿ, ಆದ್ರ ವರ್ಷ ತುಂಬೂದ್ರಾಗ ಗಡಗಡ ಅಂತೇತಿ" ಅಂದ್ರು. ಕಂಪನಿದು ನಾಕೂವರಿ ಸಾವಿರ. ಅದನ್ನಽ ತಗೊಂಡ್ವಿ. ಕಣ್ಣಿಗೆ ಕಾಣೂ ಬಂಪರ್ ಅಷ್ಟಽ ನೋಡಬ್ಯಾಡ್ರಿ, ಅದರ ಹಿಂದ ಹಿಡಕೊಂಡಿರೂ ಬ್ರ್ಯಾಕೆಟ್ಟೂ ನೋಡ್ರಿ. ನಮ್ಮದು ಎಡಗಡಿದು ತಿರವಿತ್ತು, ಅದನ್ನೂ ಬದಲಿ ಮಾಡಿಸಿದ್ವಿ. ಹೊಸಾ ಲೈಟು ಹಾಕಿದ ಮ್ಯಾಲೆ ಬೆಳಕು ಎಲ್ಲಿ ಬೀಳ್ತೇತಿ ಅಂತ ಗ್ವಾಡಿ ಮುಂದ ಗಾಡಿ ನಿಲ್ಲಿಸಿ ಸರಿ ಮಾಡಿಸ್ರಿ. ಎರಡೂ ಲೈಟು ಒಂದಽ ಎತ್ತರದಾಗ ಬೀಳಬೇಕು. ನಂಬರ್ ಪ್ಲೇಟು ಪೂರಾ ಕಾಣಬೇಕು. ಲೈಟು, ಜಾಳಿಗಿ, ಕೂಲಿ ಎಲ್ಲಾ ಕೂಡಿ ಒಂಬತ್ತು ಸಾವಿರದ ಮ್ಯಾಲೆ ಹೋತು. ಗಾರ್ಡ್ ಹಾಕಿಸಿದ್ರೂ ಲೈಟು, ಜಾಳಿಗಿ ಖರ್ಚು ತಪ್ಪತಿರಲಿಲ್ಲ, ಅದರ ಮ್ಯಾಲೆ ಒಂಬತ್ತೂವರಿ. ಹಂಗಾಗಿ ರೊಕ್ಕಾನೂ ಉಳೀತು.

ಉಳದ ರೊಕ್ಕದಾಗ ಅಂವ ಒಂದು ಕೆಲಸಾ ಮಾಡ್ಯಾನ, ನಾ ಹೇಳಿದ್ದಲ್ಲ. ರೇಡಿಯಂ ಟೇಪು ಒಂದು ಸುರಳಿ ತಂದಾನ. ಗಾಡಿ ಹಿಂದ-ಮುಂದ ಹಚ್ಚಿದ, ಉಳದದ್ದನ್ನ ನಮ್ಮ ಓಣಿ ಎಮ್ಮಿಗಳ ಕೊಳ್ಳಪಟ್ಟಿಗೆ ಹೊಲದ. ನಿಮ್ಮ ಎಮ್ಮಿ ಕೊಳ್ಳಾಗ ರಾತ್ರಿ ಮಿಂಚೂದು ಅದಽ. ಬ್ಯಾಡಗಿಗೆ ಹೋಗೂಮುಂದ ಆ ಮುದುಕಿ ಊರಿನ್ಯಾಗೂ ನಿಂತು ಒಂದು ಪಟ್ಟಿ ಕೊಟ್ಟು ಬಂದಾನಂತ. ಅಕಿ ಬೈಯಾಕ ಬಾಯಿ ತಗದಾಕಿ, ಪಟ್ಟಿ ನೋಡಿ ಮಜ್ಜಿಗಿ ಕುಡಿಸಿ ಕಳಿಸ್ಯಾಳ.

ಎಲ್ಲಾ ಛಲೋ ಆತು ಅಂತ ಹೇಳಿ ಮುಗಿಸಿದ್ರ ಸುಳ್ಳು ಆಗ್ತೇತಿ. ಹೊಸಾ ಬಂಪರ್ ಹಾಕಿಸಿ ತಿಂಗಳ ತುಂಬಿರಲಿಲ್ಲ, ನಮ್ಮ ಮನಿಯವ್ರು ಹೊಲದ ಬದುವಿನ ಕಲ್ಲಿಗೆ ತಗೊಂಡು ಹೋಗಿ ತಾಗಿಸಿದ್ರು. ಬಲಗಡೆ ಅಂಗೈಯಷ್ಟು ನುಗ್ಗೇತಿ. "ಗಾರ್ಡ್ ಇದ್ದಿದ್ರ..." ಅಂತ ಅವ್ರು ಬಾಯಿ ತಗದ್ರು. ಮಗ ಅವರ ಮಾತು ಮುಗಿಯಾಕ ಬಿಡಲಿಲ್ಲ. "ಇರಲಿ ಬಿಡಪ್ಪ, ಬಗ್ಗಾಕಽ ಇರೂದು ಅದು" ಅಂದ. ನಾ ಒಳಗ ಹಿಟ್ಟು ನಾದಕೋತ ಕೇಳಿ ಸುಮ್ಮನ ಇದ್ದೆ. ನುಗ್ಗು ತಗಸಾಕ ಆರನೂರು ಅಂದಾರ. ತಗಸೂದು ಬ್ಯಾಡ ಅಂದೇನಿ.

ಹೋದ ವಾರ ತವರಿಗೆ ಹೋದಾಗ ಮಗ ಗಾಡೀನ್ನ ಅಜ್ಜನ ಕಟ್ಟಿ ಮುಂದಽ ತಂದು ನಿಲ್ಲಿಸಿದ. ಅಪ್ಪ ಕುಂತಲ್ಲಿಂದಽ ಬಡಗಿ ಚಾಚಿ ಆ ನುಗ್ಗಿದ ಜಾಗಾಕ್ಕ ಟಕ್ ಟಕ್ ಅಂತ ಬಡದು ನೋಡಿದ. "ಹೊಸಾದಽ ಹಿಂಗ ಬಗ್ಗಿಸೀರಲ್ಲೋ" ಅಂದ. ಮಗ ನನ್ನ ಮಾರಿ ನೋಡಿದ, ಅಜ್ಜನ ಕಾಲು ನೋಡಿದ. ಆಮ್ಯಾಲೆ ಅಜ್ಜನ ಬಾಜೂಕ ಹೋಗಿ ಕುಂತ. ಈ ವರ್ಷ ಮೆಣಸಿನಕಾಯಿ ದರಾ ಏನಾತು ಅಂತ ಇಬ್ಬರೂ ಮಾತಾಡಕೋತ ಕುಂತ್ರು. ನಾ ಚಾಕ್ಕ ಇಡಾಕ ಒಳಗ ಹೋದೆ.