ಗಂಟಿಲ್ಲದ ದಾರ

ಬೇಸಗೆಯ ರಜೆಗೆಂದು ಪುಣೆಯಿಂದ ಬಂದ ನನ್ನ ಮೊಮ್ಮಗ, ಪೆಟ್ಟಿಗೆ ಬಿಚ್ಚಿ ಬಟ್ಟೆಬರೆಗೂ ಮೊದಲು ಹೊರಗೆ ತೆಗೆದದ್ದು ಒಂದು ಮಖಮಲ್ಲಿನ ಚೀಲವನ್ನು. ಒಳಗೆ ಒಡವೆಯೇನಾದರೂ ಇರಬಹುದೆಂದು ನಮ್ಮಾಕೆ ಇಣುಕಿ ನೋಡಿದಳು. ಇದ್ದದ್ದು ಯೋ-ಯೋ. ಅಲ್ಯುಮಿನಿಯಂನದು, ನವಿಲಿನ ಕೊರಳ ಬಣ್ಣದ್ದು. ಇದಕ್ಕೆಷ್ಟೋ ಎಂದು ಕೇಳಿದೆ. ಅವನು ಹೇಳಿದ ಮೇಲೆ, ಕೇಳಬಾರದಿತ್ತು ಎಂದುಕೊಂಡೆ. ೨,೮೦೦ ರೂಪಾಯಿ! ನಾನು ಗುಮಾಸ್ತೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದು ಎಂಟು ತಿಂಗಳ ಸಂಬಳ.

“ಕೊಡು ಇಲ್ಲಿ” ಎಂದು ತೆಗೆದುಕೊಂಡು, ದಾರದ ಕುಣಿಕೆಯನ್ನು ನಡುಬೆರಳಿಗೆ ಸಿಕ್ಕಿಸಿ, ಹಳೆಯ ಕಾಲದ ಠೀವಿಯಿಂದ ಕೆಳಕ್ಕೆ ಬಿಟ್ಟೆ. ಇಳಿಯಿತು. ದಾರದ ತುದಿಯಲ್ಲಿ ನಿಂತು ಸದ್ದಿಲ್ಲದೆ ಸುತ್ತತೊಡಗಿತು. ಮೇಲಕ್ಕೆ ಜಗ್ಗಿದೆ. ಬರಲಿಲ್ಲ. ಇನ್ನೊಮ್ಮೆ ಜಗ್ಗಿದೆ. ಬೆಸ್ಕಾಂ ನೋಟೀಸು ಬಂದ ಮನೆಯ ಬಾಡಿಗೆದಾರನ ಹಾಗೆ, ನನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಅದು ತನ್ನ ಪಾಡಿಗೆ ತಾನು ಸುತ್ತುತ್ತಿತ್ತು. ಗೋಡೆಯ ಗಡಿಯಾರ ನೋಡಿದರೆ ಎರಡು ನಿಮಿಷದ ಮೇಲಾಗಿತ್ತು.

“ಕೆಟ್ಟಿದೆಯಲ್ಲೋ ಮರಿ.”

“ಇಲ್ಲ ತಾತ. ಅದು ವಾಪಸು ಬರಲ್ಲ. ಬರಬಾರದು.”

ವಾಪಸು ಬರದ ಯೋ-ಯೋ! ಬಾಲವಿಲ್ಲದ ಗಾಳಿಪಟ, ಮೊಳೆಯಿಲ್ಲದ ಬುಗುರಿ ಎಂದ ಹಾಗಾಯಿತು. ಆದರೆ ಅವನು ಹೇಳಿದ್ದು ನಿಜ. ಈಗಿನ ಪಂದ್ಯದ ಯೋ-ಯೋಗಳಲ್ಲಿ ಅಚ್ಚಿನ ಸುತ್ತ ಬಾಲ್ ಬೇರಿಂಗು ಇರುತ್ತದೆ. ಎರಡು ಬಿಲ್ಲೆಗಳ ನಡುವಣ ಸಂದೂ ಅಗಲ. ದಾರಕ್ಕೆ ಹಿಡಿದುಕೊಳ್ಳಲು ಆಸರೆಯೇ ಇಲ್ಲ. ಅದು ಮೇಲೆ ಬರಬೇಕಾದರೆ ದಾರವನ್ನು ಸ್ವಲ್ಪ ಮಡಿಸಿ ಆ ಸಂದಿಗೆ ತುರುಕಬೇಕು. ಮಡಿಕೆ ಸಿಕ್ಕಿಕೊಂಡ ಕ್ಷಣವೇ ಬಿಲ್ಲೆ ಛಂಗನೆ ಅಂಗೈಗೆ ನೆಗೆಯುತ್ತದೆ. ಹುಡುಗ ಅದನ್ನು ಕಣ್ಣುಮುಚ್ಚಿ ಮಾಡಿದ. ನಾನು ಕಣ್ಣು ತೆರೆದೇ ನಾಲ್ಕು ದಿನ ಮಾಡಿ ಕೈಬಿಟ್ಟೆ.

ಕೈಬಿಟ್ಟವನು ಸುಮ್ಮನಿರಬೇಕಾಗಿತ್ತು. ನಮ್ಮ ಕಾಲದಲ್ಲಿ ನಮ್ಮಣ್ಣ ಮಾಡಿಸಿದ ಒಂದು ಯೋ-ಯೋ ಇತ್ತು, ಮರದ್ದು, ಅದು ಕೆಳಗೆ ಮಲಗಿ ನಿದ್ದೆಯೂ ಮಾಡುತ್ತಿತ್ತು, ಕರೆದರೆ ಎದ್ದೂ ಬರುತ್ತಿತ್ತು ಎಂದು ಬಡಾಯಿ ಕೊಚ್ಚಿದೆ. ಮೊಮ್ಮಗ ನಂಬಲಿಲ್ಲ.

ಅದು ೧೯೬೩ನೆಯ ಇಸವಿ. ನಮ್ಮ ತಂದೆಯವರು ಚನ್ನಪಟ್ಟಣದಲ್ಲಿ ಮೇಷ್ಟರಾಗಿದ್ದರು. ನನಗೆ ಹತ್ತು ವರ್ಷ, ಅಣ್ಣನಿಗೆ ಹದಿನಾಲ್ಕು. ಬೊಂಬಾಯಿಯಿಂದ ಬಂದಿದ್ದ ಸೋದರಮಾವನ ಮಗನೊಬ್ಬ ತಗಡಿನ ಯೋ-ಯೋ ತಂದಿದ್ದ. ನಮಗೆ ಮುಟ್ಟಲು ಕೊಡಲಿಲ್ಲ. ಬಾವಿಯ ಕೊಡದ ಹಾಗೆ ಇಳಿದು ಹತ್ತುವ ಆ ವಸ್ತುವಿಗೆ ನಮ್ಮಮ್ಮ ‘ರಾಟೆ’ ಎಂದು ಹೆಸರಿಟ್ಟಳು. ಅಣ್ಣ ಎರಡು ದಿನ ಕೂತು ನೋಡಿದ, ಏನೂ ಕೇಳಲಿಲ್ಲ. ಅವನು ಊರಿಗೆ ಹೊರಟ ಮಾರನೆಯ ದಿನ, ಹಿಂದಿನ ಬೀದಿಯಲ್ಲಿ ಗೊಂಬೆ ಕಡೆಯುತ್ತಿದ್ದ ಸಾಹೇಬರ ಮುಂದೆ ಹೋಗಿ ಕುಳಿತ. ನಾನೂ ಬೆನ್ನುಹತ್ತಿದೆ.

ಚನ್ನಪಟ್ಟಣದ ಗೊಂಬೆಯ ಕೆಲಸ ನೋಡದವರಿಗೆ ಒಂದು ಮಾತು. ಅಲ್ಲಿ ಹಿಂದಿನಿಂದಲೂ ಬಳಸುವುದು ಆಲೆ ಮರ. ದಂತದ ಬಣ್ಣ, ನಯವಾದ ಎಳೆ, ಉಳಿಗೆ ಬೆಣ್ಣೆಯ ಹಾಗೆ ಒಗ್ಗುತ್ತದೆ. ಸಾಹೇಬರದು ಕೈಬಿಲ್ಲಿನಿಂದ ತಿರುಗಿಸುವ ಲೇತು. ಮರ ತಿರುಗುತ್ತಿರುವಾಗಲೇ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಮೇಲೆ ಕೇದಗೆಯ ಗರಿಯಿಂದ ತಿಕ್ಕಿದರೆ ಮುಖ ಕಾಣುವಷ್ಟು ಹೊಳಪು. ಕುಂಚವಿಲ್ಲ, ಒಲೆಯಿಲ್ಲ.

ಅಣ್ಣ ಸ್ಲೇಟಿನ ಮೇಲೆ ಚಿತ್ರ ಬರೆದು ತೋರಿಸಿದ. ಸಾಹೇಬರು ಅದನ್ನು ಒಂದು ಗಳಿಗೆ ನೋಡಿ ನಡುಭಾಗವನ್ನು ಬೆರಳಿನಿಂದ ಅಳಿಸಿದರು. “ಇಲ್ಲಿ ತೂಕ ಯಾಕೆ ಮರಿ? ಬಂಡಿ ಗಾಲಿ ನೋಡಿಲ್ವಾ? ತೂಕ ಎಲ್ಲಾ ಅಂಚಲ್ಲಿರಬೇಕು.” ಎರಡು ಬಿಲ್ಲೆಗಳನ್ನೂ ಹೊರಗಡೆ ತಟ್ಟೆಯ ಹಾಗೆ ಬಗೆದು, ಅಂಚನ್ನು ಮಾತ್ರ ದಪ್ಪ ಬಿಟ್ಟರು. ಕೆಂಪು ಅರಗು ಹಚ್ಚಿದರು. ಆದರೆ ನಡುವಣ ಅಚ್ಚಿಗೆ ಹಚ್ಚಲಿಲ್ಲ. ಅದೂ ಕೆಂಪಗಿರಲಿ ಎಂದು ನಾನು ರಾಗ ತೆಗೆದೆ. “ದಾರ ಉಜ್ಜಿದರೆ ಕಾವು ಬರುತ್ತೆ, ಕಾವು ಬಂದರೆ ಅರಗು ಅಂಟುತ್ತೆ” ಎಂದರು. ಕೊಟ್ಟದ್ದು ನಾಲ್ಕಾಣೆ, ಅದನ್ನೂ ಬೇಡವೆಂದರು, ಅಣ್ಣ ಇಟ್ಟು ಬಂದ.

ದಾರ ಹಾಕಿದವನು ಅಣ್ಣ. ಹಿತ್ತಲಲ್ಲಿ ಒಬ್ಬನೇ ಕೂತು ಏನೋ ಹೊಸೆದ. ಸಂಜೆಗೆ ಜಗಲಿಯ ಮೇಲೆ ನಿಂತು ಬಿಟ್ಟರೆ, ಬೊಂಬಾಯಿಯವನ ತಗಡಿನದಕ್ಕಿಂತ ಸೊಗಸಾಗಿ ಇಳಿಯಿತು. ನಾನು ಮೂರು, ನಾಲ್ಕು, ಐದು ಎಂದು ಎಣಿಸುವವರೆಗೂ ಕೆಳಗೇ ಸುತ್ತಿ, ಅವನು ಬೆರಳು ಆಡಿಸಿದೊಡನೆ ಓಡಿ ಬಂತು.

ನನ್ನ ಕೈಯಲ್ಲಿ ಮಾತ್ರ ಕೆಳಗೇ ಸಾಯುತ್ತಿತ್ತು. ಕಾರಣ ಹುಡುಕಿದೆ. ಅಣ್ಣ ದಾರವನ್ನು ಅಚ್ಚಿಗೆ ಕಟ್ಟಿಯೇ ಇರಲಿಲ್ಲ! ಸುಮ್ಮನೆ ಒಂದು ಕುಣಿಕೆ, ಅಚ್ಚನ್ನು ಬಳಸಿ ಸಡಿಲವಾಗಿ ಕೂತಿತ್ತು. ಪಾಪ, ಮರೆತಿದ್ದಾನೆ ಎಂದುಕೊಂಡು, ಹಲ್ಲಿನಿಂದ ಜಗ್ಗಿ ಎರಡು ಬಿಗಿ ಗಂಟು ಹಾಕಿದೆ. ಆಮೇಲೆ ನೋಡಿ, ಬಿಟ್ಟ ಕೂಡಲೇ ಬಂತು, ಬಿಟ್ಟ ಕೂಡಲೇ ಬಂತು. ಮಲಗುವುದನ್ನು ಮರೆತೇಬಿಟ್ಟಿತು. ಶಾಲೆಯಿಂದ ಬಂದ ಅಣ್ಣನಿಗೆ ಹೆಮ್ಮೆಯಿಂದ ತೋರಿಸಿದೆ. ಹೊಡೆಯುತ್ತಾನೆ ಎನ್ನಿಸಿತು ಅವನ ಮುಖ ನೋಡಿ. ಹೊಡೆಯಲಿಲ್ಲ. ಅಮ್ಮನ ಸೂಜಿ ತಂದು, ದೀಪ ಹಚ್ಚುವ ಹೊತ್ತಿನವರೆಗೂ ಆ ಗಂಟನ್ನು ಬಿಡಿಸುತ್ತ ಕೂತ. “ಅದಕ್ಕೆ ಗಂಟು ಬೇಡವೋ ದಡ್ಡ” ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ.

ಆ ಹುಡುಗನ ಕೈಗೆ ಸಿಕ್ಕಿದ್ದ ಗುಟ್ಟು ಎಂಥದೆಂದು ನನಗೆ ತಿಳಿದದ್ದು ಮೊನ್ನೆ, ಮೊಮ್ಮಗನೊಡನೆ ವಾದಕ್ಕೆ ಬಿದ್ದು ನಾಲ್ಕು ಪುಸ್ತಕ ತಿರುವಿ ಹಾಕಿದ ಮೇಲೆ. ಆಟಿಕೆಯೇನೋ ಬಹಳ ಹಳೆಯದು. ಕ್ರಿಸ್ತಪೂರ್ವ ೪೪೦ರ ಸುಮಾರಿನ ಗ್ರೀಕ್ ಪಾತ್ರೆಯೊಂದರ ಮೇಲೆ ಯೋ-ಯೋ ಆಡುವ ಹುಡುಗನ ಚಿತ್ರವಿದೆ. ಆ ಪಾತ್ರೆ ಬರ್ಲಿನ್ನಿನ ಸಂಗ್ರಹಾಲಯದಲ್ಲಿದೆ. ಫ್ರಾನ್ಸಿನ ಕ್ರಾಂತಿಯ ಕಾಲದ ಶ್ರೀಮಂತರೂ ಇದನ್ನು ಆಡುತ್ತಿದ್ದರಂತೆ. ತಲೆ ಹೋಗುವ ಕಾಲದಲ್ಲಿ ಬೆರಳಿಗಾದರೂ ಕೆಲಸ ಬೇಕಲ್ಲ! ಅಮೆರಿಕದಲ್ಲಿ ೧೮೬೬ರಲ್ಲಿ ಸಿನ್ಸಿನಾಟಿಯ ಇಬ್ಬರು ಲೋಹದ ಬಿಲ್ಲೆಗಳ ಒಂದು ಸುಧಾರಿತ ಮಾದರಿಗೆ ಪೇಟೆಂಟನ್ನೂ ಪಡೆದರು. ಆದರೂ ಅದು ಹತ್ತಿಳಿಯುವ ಆಟಿಕೆಯಾಗಿಯೇ ಉಳಿದಿತ್ತು. ಪೆಡ್ರೋ ಫ್ಲೋರೆಸ್ ಎಂಬ ಫಿಲಿಪೈನ್ಸಿನವರು, ಹೋಟೆಲಿನಲ್ಲಿ ಸಾಮಾನು ಹೊರುವ ಕೆಲಸದಲ್ಲಿದ್ದವರು, ೧೯೨೮ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾದಲ್ಲಿ ಯೋ-ಯೋ ತಯಾರಿಸಲು ತೊಡಗಿದರು. ಅವರು ತಮ್ಮ ನಾಡಿನಿಂದ ತಂದದ್ದು ಹೆಸರೊಂದನ್ನೇ ಅಲ್ಲ, ಕಟ್ಟದ ದಾರವನ್ನು ಕೂಡ.

ಆ ದಾರದ ರಚನೆ ಹೀಗೆ. ಬೇಕಾದದ್ದಕ್ಕಿಂತ ಇಮ್ಮಡಿ ಉದ್ದದ ನೂಲನ್ನು ನಡುವೆ ಮಡಿಸಿ, ಎರಡು ಎಳೆಗಳನ್ನೂ ಒಂದರ ಮೇಲೊಂದು ಹೊಸೆಯಬೇಕು. ಮಡಿಕೆಯ ತುದಿಯಲ್ಲಿ ಸ್ವಲ್ಪ ಹುರಿ ಬಿಚ್ಚಿದರೆ ಕಣ್ಣು ತೆರೆದ ಹಾಗೆ ಒಂದು ಕುಣಿಕೆ ತೆರೆಯುತ್ತದೆ. ಅದರೊಳಗೆ ಬಿಲ್ಲೆಯನ್ನು ತೂರಿಸಿ ಬಿಟ್ಟರೆ ಮುಗಿಯಿತು. ಗಂಟು ಇರುವುದು ಬೆರಳಿನ ಕಡೆ ಮಾತ್ರ. ಬಿಲ್ಲೆ ತಳ ಮುಟ್ಟಿದಾಗ ಅಚ್ಚು ಆ ಕುಣಿಕೆಯೊಳಗೆ ಜಾರುತ್ತ ಸುತ್ತುತ್ತದೆ. ಬೆರಳು ಎಳೆದು ಸಡಿಲಿಸಿದಾಗ, ಸಡಿಲಾದ ದಾರ ಅಚ್ಚಿಗೆ ಕಚ್ಚಿ ಮತ್ತೆ ಸುತ್ತಿಕೊಳ್ಳುತ್ತದೆ. ಹುರಿ ಹೆಚ್ಚಾದರೆ ಕುಣಿಕೆ ಬಿಗಿದು ಮಲಗಗೊಡುವುದಿಲ್ಲ, ಕಡಿಮೆಯಾದರೆ ಏಳಗೊಡುವುದಿಲ್ಲ.

ಫ್ಲೋರೆಸ್ ಅವರ ವ್ಯಾಪಾರವನ್ನು ಡಂಕನ್ ಎಂಬ ಉದ್ಯಮಿ ಕೆಲವೇ ವರ್ಷಗಳಲ್ಲಿ ಕೊಂಡುಕೊಂಡರು. ವಿಸ್ಕಾನ್ಸಿನ್ನಿನ ಲಕ್ ಎಂಬ ಊರಿನ ಕಾರ್ಖಾನೆಯಲ್ಲಿ ಮೇಪಲ್ ಮರದ ಯೋ-ಯೋಗಳು ರಾಶಿರಾಶಿಯಾಗಿ ತಯಾರಾದವು. ೧೯೬೫ರಲ್ಲಿ ನ್ಯಾಯಾಲಯ, ಯೋ-ಯೋ ಎಂಬುದು ಯಾರೊಬ್ಬರ ಸೊತ್ತೂ ಅಲ್ಲದ ಸಾಮಾನ್ಯ ಪದ ಎಂದುಬಿಟ್ಟಿತು. ಕಂಪನಿ ದಿವಾಳಿಯೆದ್ದಿತು, ಮರ ಹಿಂದೆ ಸರಿದು ಪ್ಲಾಸ್ಟಿಕ್ ಮುಂದೆ ಬಂತು. ಆಮೇಲಿನ ಸುಧಾರಣೆಗಳಲ್ಲಿ ದೊಡ್ಡ ಪಾಲು ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಕೂನ್ ಎಂಬ ಹಲ್ಲಿನ ವೈದ್ಯರದು. ೧೯೭೮ರಲ್ಲಿ ಬಿಚ್ಚಿ ಜೋಡಿಸಬಹುದಾದ ಮರದ ಯೋ-ಯೋ, ೧೯೯೦ರಲ್ಲಿ ಬಾಲ್ ಬೇರಿಂಗಿನ ಅಲ್ಯುಮಿನಿಯಂ ಯೋ-ಯೋ. ಸವೆದದ್ದನ್ನು ಕಿತ್ತು ಹೊಸತು ಕೂರಿಸುವ ವಿದ್ಯೆ ಹಲ್ಲಿನವರಿಗಲ್ಲದೆ ಇನ್ನಾರಿಗೆ ಹೊಳೆದೀತು? ಮೊಮ್ಮಗನ ಚೀಲದಲ್ಲಿದ್ದದ್ದು ಅದೇ ವಂಶದ ಕುಡಿ. ೧೯೮೫ರಲ್ಲಿ ಡಿಸ್ಕವರಿ ನೌಕೆಯಲ್ಲಿ ಯೋ-ಯೋ ಬಾಹ್ಯಾಕಾಶಕ್ಕೂ ಹೋಗಿಬಂತು. ಅಲ್ಲಿ ಭಾರವೆಂಬುದು ಇಲ್ಲವಾದ್ದರಿಂದ ದಾರದ ತುದಿಯಲ್ಲಿ ತೂಗಿ ನಿಲ್ಲಲಾರದು, ಮಲಗಲಾರದು. ಇಳಿದ ಮೇಲೆ ಮಲಗಬೇಕಾದರೆ ಭೂಮಿಯೇ ಬೇಕು.

ಇಷ್ಟೆಲ್ಲ ಉಪನ್ಯಾಸ ಕೇಳಿದ ಮೇಲೆ ಮೊಮ್ಮಗ, “ಹಾಗಾದರೆ ಮಾಡಿ ತೋರಿಸಿ” ಎಂದ. ಬೆಂಗಳೂರಿನಿಂದ ಅರವತ್ತು ಕಿಲೋಮೀಟರು. ಒಂದು ಬೆಳಗ್ಗೆ ಅವನನ್ನು ಕರೆದುಕೊಂಡು ಚನ್ನಪಟ್ಟಣಕ್ಕೆ ಹೋದೆ. ಸಾಹೇಬರೂ ಇಲ್ಲ, ಆ ಬೀದಿಯೂ ಗುರುತಿಗೆ ಸಿಗಲಿಲ್ಲ. ಹೆದ್ದಾರಿಯ ಒಂದು ಅಂಗಡಿಯಲ್ಲಿ ಮರದ ಯೋ-ಯೋ ಸಿಕ್ಕಿತು, ಹಳದಿಗೆ ಹಸಿರು ಪಟ್ಟೆ, ನೋಡಲು ಮುದ್ದು. ಮನೆಗೆ ತಂದು ಬಿಟ್ಟರೆ, ಅಯ್ಯೋ, ದಾರವನ್ನು ಅಚ್ಚಿಗೆ ಬಿಗಿದು ಕಟ್ಟಿದ್ದರು! ಅಚ್ಚಿಗೂ ಬಣ್ಣ. ಹತ್ತು ವರ್ಷದ ನಾನು ಮಾಡಿದ್ದನ್ನೇ ಯಾರೋ ಮಾಡಿಟ್ಟಿದ್ದರು.

ಗಂಟು ಬಿಡಿಸಿದೆವು. ಇನ್ನು ದಾರದ ಪ್ರಶ್ನೆ. ಮೊಮ್ಮಗನ ಪಾಲಿಯೆಸ್ಟರ್ ದಾರ ನಾಲ್ಕು ಸಲಕ್ಕೆ ತುಪ್ಪುಳು ಕಟ್ಟಿತು. ಬೇರಿಂಗಿನ ಮೇಲೆ ಆರಾಮಾಗಿರುವ ಅದು ಉಜ್ಜಾಟದ ಕಾವಿಗೆ ಕರಗುವ ಜಾತಿ. ಹತ್ತಿ ಹಾಗಲ್ಲ, ಕಾವು ತಡೆಯುತ್ತದೆ. ಹೂ ಕಟ್ಟುವ ದಾರ ಹೊಸೆದೆ, ಕಡಿಯಿತು. ಗಾಳಿಪಟದ ದಾರ ಹೊಸೆದೆ, ಒರಟು. ಅಂಗಡಿಯ ಪೊಟ್ಟಣದ ಹುರಿ ಸಂದಿನಲ್ಲೇ ಹಿಡಿಸಲಿಲ್ಲ. ಮೂರು ದಿನ ಕಳೆದವು.

“ನಿಮ್ಮಣ್ಣ ಯಾವ ದಾರ ಹಾಕಿದ್ದರು ತಾತ?”

“ಗೊತ್ತಿಲ್ಲವಪ್ಪ.”

“ದೊಡ್ಡ ತಾತ ಮೈಸೂರಲ್ಲಿದ್ದಾರಲ್ಲ, ಕೇಳಿ.”

ನಮ್ಮಾಕೆ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ. ಚನ್ನಪಟ್ಟಣದ ಮನೆಯನ್ನು ೨೦೧೯ರಲ್ಲಿ ಮಾರಿದೆವು. ಅಣ್ಣನಿಗೆ ಇಷ್ಟವಿರಲಿಲ್ಲ, ನನಗೆ ದುಡ್ಡು ಬೇಕಾಗಿತ್ತು. ವಕೀಲರ ಎದುರಿಗೆ ನಾನೊಂದು ಮಾತು ಆಡಿದೆ; ಇಲ್ಲಿ ಬರೆಯುವಂಥದಲ್ಲ. ಅವನು ಉತ್ತರ ಕೊಡದೆ ರುಜು ಹಾಕಿ ಎದ್ದುಹೋದ. ಅಂದಿನಿಂದ ಹಬ್ಬಹರಿದಿನಗಳಲ್ಲಿ ನಮ್ಮಾಕೆಯೂ ಅತ್ತಿಗೆಯೂ ಫೋನಿನಲ್ಲಿ ಮಾತನಾಡುತ್ತಾರೆ. ನಾನು ಆಗ ಪತ್ರಿಕೆ ಓದುತ್ತಿರುತ್ತೇನೆ.

ಹುಡುಗನಿಗೆ ಇದೊಂದೂ ತಿಳಿಯದು. ಅಜ್ಜಿಯ ಫೋನಿನಿಂದ ನಂಬರು ಒತ್ತಿ ನನ್ನ ಕೈಗೆ ಕೊಟ್ಟುಬಿಟ್ಟ.

“ಯಾರು?”

“ನಾನು.”

ಆ ಕಡೆ ಸದ್ದಿಲ್ಲ. ಹೇಳಬೇಕಾದದ್ದು ಏನೇನೋ ಇತ್ತು. ಬಾಯಿಂದ ಬಂದದ್ದು, “ಅಣ್ಣಾ, ಆ ಯೋ-ಯೋಗೆ ಯಾವ ದಾರ ಹಾಕಿದ್ದೆ?”

ಯಾವ ಯೋ-ಯೋ ಎಂದು ಅವನು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಅತ್ತಿಗೆಗೆ ಕೇಳಿಸಬಾರದು ಎಂಬಂತೆ ದನಿ ತಗ್ಗಿಸಿ ಹೇಳಿದ: “ಅಪ್ಪ ಜನಿವಾರಕ್ಕೆ ಅಂತ ತಕಲಿಯಲ್ಲಿ ನೂತಿಟ್ಟಿದ್ದರಲ್ಲ, ಆ ನೂಲು. ಎಂಟೆಳೆ ಸೇರಿಸಿ, ನಡುವೆ ಮಡಿಸಿ, ಅದೇ ತಕಲಿಯಲ್ಲಿ ಹುರಿ ಮಾಡಿದ್ದು. ಇಲಿ ಎಳೆದುಕೊಂಡು ಹೋಯಿತು ಅಂತ ಅಪ್ಪ ಬೋನು ತಂದಿಡಲಿಲ್ಲವೇ?”

ಬೋನು ನನಗೆ ನೆನಪಿತ್ತು. ತಿಂಗಳುಗಟ್ಟಲೆ ಇಟ್ಟರೂ ಒಂದು ಇಲಿಯೂ ಬಿದ್ದಿರಲಿಲ್ಲ.

“ಈಗ ಯಾವುದಕ್ಕೆ?” ಎಂದ. ಹೇಳಿದೆ.

“ಅಚ್ಚಿಗೆ ಬಣ್ಣ ಹಚ್ಚಿದ್ದಾರೇನು?”

“ಹೂಂ.”

“ಕೆರೆದು ತೆಗೆಯಬೇಕು. ಬೇಡ, ನೀನು ಕೈ ಹಚ್ಚಬೇಡ, ಕೆಡಿಸ್ತೀಯ. ಇಲ್ಲಿಗೆ ತೆಗೆದುಕೊಂಡು ಬಾ. ತಕಲಿ ನನ್ನ ಹತ್ತಿರ ಇದೆ.”

ಭಾನುವಾರ ಬೆಳಗಿನ ರೈಲಿಗೆ ಎರಡೂವರೆ ಟಿಕೆಟ್ಟು ತೆಗೆಸಿದ್ದೇನೆ.