ಎತ್ತರ, ಆದರೆ ಎಲ್ಲಿಂದ?

ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಚಿಕ್ಕಮಗಳೂರಿನಿಂದ ಹೊರಟು, ಕಾಫಿ ತೋಟ ದಾಟಿ, ಮಂಜು ಮುಸುಕಿದ ಹುಲ್ಲುಗಾವಲಿನ ಮೇಲಿನ ಗದ್ದುಗೆ ತಲುಪಿದ ವಿದ್ಯಾರ್ಥಿ ಅಷ್ಟನ್ನೂ ಏರಿದನೇ? ಇಲ್ಲ. ಪೇಟೆಯೇ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ. ಏರಿದ್ದು ಉಳಿದ 840 ಮಾತ್ರ.

ಗಾಳಿಯ ಲೆಕ್ಕ ಮಾತ್ರ ಸಮುದ್ರದಿಂದಲೇ. ಮೇಲೇರಿದಂತೆ ಒತ್ತಡ ಇಳಿಯುವುದರಿಂದ ತುದಿಯಲ್ಲಿ ನೀರು ಸುಮಾರು 94 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿಟ್ಟ ಅನ್ನ ತಡವಾಗಿ ಬೇಯುತ್ತದೆ.

ರಾತ್ರಿ ಊರಿಗೆ ಮರಳಿ ಉತ್ತರಕ್ಕೆ ನೋಡಿದರೆ 'ಆಲ್ಟಿಟ್ಯೂಡ್' ಪದಕ್ಕೆ ಇನ್ನೊಂದು ಅರ್ಥ. ಧ್ರುವ ನಕ್ಷತ್ರ ಕ್ಷಿತಿಜದಿಂದ ಸುಮಾರು 13 ಡಿಗ್ರಿ ಮೇಲಿರುತ್ತದೆ; ಊರಿನ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಅಳತೆ ಸಮುದ್ರಮಟ್ಟದಿಂದ, ಇಲ್ಲಿ ಕ್ಷಿತಿಜದಿಂದ. ಎಲ್ಲಿಂದ ಎನ್ನದೆ ಹೇಳಿದ ಎತ್ತರ ಅರ್ಧ ಉತ್ತರವಷ್ಟೇ.