ಬಿಟ್ಟುಹೋದವರ ಸಾಲು

ಅಪ್ರೈಸಲ್ ಫಾರ್ಮಿನಲ್ಲಿ ನಮಗೆ ನಾವೇ ಅಂಕ ಕೊಟ್ಟುಕೊಳ್ಳುವ ಕಾಲಂ ಇರತ್ತಲ್ಲ, ಅದರ ಮುಂದೆ ಕೂತರೆ ಹರಿಶ್ಚಂದ್ರನೂ ಒಂದು ಕ್ಷಣ ಯೋಚನೆ ಮಾಡ್ತಾನೆ. ಅಮೆರಿಕದ ಸ್ಕೌಟ್ ತಂಡಗಳೂ ಇಂಥದ್ದೇ ಒಂದು ಫಾರ್ಮು ತುಂಬುತ್ತಿದ್ದವು. ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಸಂಸ್ಥೆ 2011ರಲ್ಲಿ ಶುರುಮಾಡಿ 2023ರವರೆಗೆ ನಡೆಸಿದ ಆ ಪ್ರಶಸ್ತಿಯ ಹೆಸರು 'ಜರ್ನಿ ಟು ಎಕ್ಸಲೆನ್ಸ್'.

ಸ್ಕೌಟ್ ಅಂದರೆ ನಮಗೆ ನೆನಪಾಗೋದು ಕೊರಳ ಸ್ಕಾರ್ಫು, ಹಗ್ಗದ ಗಂಟು, ಹುಡುಗರು ಒಬ್ಬೊಬ್ಬರಾಗಿ ಗಳಿಸುವ ಬ್ಯಾಡ್ಜು. ಇದು ಹಾಗಲ್ಲ, ಇಡೀ ತಂಡಕ್ಕೆ ಸಿಗುವ ಪ್ರಶಸ್ತಿ. ವರ್ಷದ ಯೋಜನೆ, ಬಜೆಟ್, ಕ್ಯಾಂಪು, ಸಮಾಜಸೇವೆ, ಎಷ್ಟು ಮಕ್ಕಳು ಮುಂದಿನ ರ‍್ಯಾಂಕಿಗೆ ಏರಿದರು, ಎಷ್ಟು ಮಂದಿ ತಂಡದಲ್ಲೇ ಉಳಿದರು ಎಂಬುದಕ್ಕೆಲ್ಲ ಅಂಕ. ಒಟ್ಟು ಅಂಕದ ಮೇಲೆ ಕಂಚು, ಬೆಳ್ಳಿ ಅಥವಾ ಚಿನ್ನ. ಗೆದ್ದರೆ ಎಲ್ಲರ ಬಲತೋಳಿಗೂ ಒಂದು ಬಟ್ಟೆಯ ಬ್ಯಾಡ್ಜು. ಕೆಲವು ವಿಭಾಗಗಳಲ್ಲಿ ನಿಗದಿತ ಗುರಿ ಮುಟ್ಟದಿದ್ದರೂ ಹಿಂದಿನ ವರ್ಷಕ್ಕಿಂತ ಸುಧಾರಿಸಿದ್ದರೆ ಅಂಕ ಸಿಗುತ್ತಿತ್ತು. ಸಣ್ಣ ತಂಡಗಳಿಗೆ ಅದು ದೊಡ್ಡ ಧೈರ್ಯ.

ನ್ಯೂಜೆರ್ಸಿಯಲ್ಲಿ ಮಗನ ತಂಡದ ಕಮಿಟಿಯಲ್ಲಿ ನಾನೂ ಇದ್ದೆ. 2018ರ ಡಿಸೆಂಬರ್ ಮೀಟಿಂಗಿನಲ್ಲಿ ನಮ್ಮ ಲೆಕ್ಕ ಬೆಳ್ಳಿಗೆ ಬಂದು ನಿಂತಿತು. ಚಿನ್ನಕ್ಕೆ ಸ್ವಲ್ಪವೇ ಕಮ್ಮಿ. "ಮೂರು ಹುಡುಗರ ರ‍್ಯಾಂಕಿಗೆ ಈ ವಾರವೇ ಸಹಿ ಹಾಕಿಬಿಡೋಣ. ಹೇಗೂ ಜನವರಿಯಲ್ಲಿ ಮುಗಿಸ್ತಾರೆ" ಅಂದರು ಒಬ್ಬ ತಂದೆ. ಸ್ಕೌಟ್‌ಮಾಸ್ಟರ್ ಫಾರ್ಮಿನಿಂದ ತಲೆ ಎತ್ತದೆ, "ಸ್ಕೌಟ್ ನಿಯಮಗಳಲ್ಲಿ ಮೊದಲನೆಯದು ಯಾವುದು?" ಅಂತ ಕೇಳಿದರು. ನಂಬಿಕೆಗೆ ಅರ್ಹನಾಗಿರುವುದು. ಯಾರೂ ಮಾತಾಡಲಿಲ್ಲ.

ಆಮೇಲೆ ಅವರು 'ಉಳಿದವರು' ಎಂಬ ಸಾಲಿನ ಪಕ್ಕ ನಾಲ್ಕು ಹೆಸರು ಬರೆದುಕೊಂಡರು. ಆ ವರ್ಷ ಬಿಟ್ಟುಹೋದವರು. ಒಂದೊಂದು ಮನೆಗೂ ಫೋನ್ ಮಾಡಿದರು. ಇಬ್ಬರು ಸಾಕರ್ ಸೇರಿದ್ದರು, ಒಬ್ಬರ ಮನೆಯವರು ಊರು ಬದಲಾಯಿಸಿದ್ದರು. ನಾಲ್ಕನೆಯವನು, ಕ್ಯಾಂಪಿನಲ್ಲಿ ತನ್ನ ಟೆಂಟಿಗೆ ಯಾರೂ ಬರಲ್ಲ ಅಂತ ಅಮ್ಮನ ಹತ್ತಿರ ಹೇಳಿದ್ದನಂತೆ.

ಫಾರ್ಮಿನಲ್ಲಿ ಅವನು ಬರೀ ಒಂದು ಶೇಕಡಾವಾರು. ಆದರೆ ಆ ಸಾಲೇ ಇರದಿದ್ದರೆ ಆ ಫೋನೂ ಹೋಗುತ್ತಿರಲಿಲ್ಲ. ಅಂಕಗಳನ್ನು ಬೈಯೋದು ಸುಲಭ. ಅಂಕ ನೋಡಿದ ಮೇಲೆ ನಾವು ಯಾರಿಗೆ ಫೋನ್ ಮಾಡ್ತೀವಿ ಅನ್ನೋದರ ಮೇಲೆ ಅದರ ಬೆಲೆ.

ನಮಗೆ ಬೆಳ್ಳಿಯೇ ಬಂತು. ಫೆಬ್ರವರಿ ಕ್ಯಾಂಪಿಗೆ ಆ ಹುಡುಗ ಬಂದ. ನಮ್ಮವನೂ ಇನ್ನೊಬ್ಬನೂ ಅವನ ಟೆಂಟಿಗೆ ಮಲಗೋಕೆ ಹೋದರು. ಈಗ ಆಫೀಸಿನಲ್ಲಿ ಯಾರಾದರೂ ಅಟ್ರಿಷನ್ ಸ್ಲೈಡ್ ತೋರಿಸಿದರೆ ನಾನು ಹೆಸರುಗಳನ್ನೂ ಕೇಳ್ತೀನಿ.